ಲಂಡನ್ ಹಿತ್ತಲ ತರಕಾರಿ, ನಮ್ಮೂರ ಬಾಳಕ, ನಿಮ್ಮ ರಕ್ತದೊತ್ತಡ



ಮಕ್ಕಳ ಮನೆಗೆ ಬಂದು ನಿಮಗೆ ಒಂದೆರಡು ತಿಂಗಳಾಗಿರಬಹುದು. ಜುಲೈ ಕೊನೆಯ ಹೊತ್ತಿಗೆ ಹಿತ್ತಲಲ್ಲಿ ಬೀನ್ಸ್ ಗೊಂಚಲು ಗೊಂಚಲಾಗಿ ಇಳಿಬಿದ್ದಿರುತ್ತದೆ. ನಿನ್ನೆ ಬೆರಳಿನಷ್ಟಿದ್ದ ಕೋರ್ಜೆಟ್ ಇವತ್ತು ಮೊಳಕೈ ದಪ್ಪವಾಗಿರುತ್ತದೆ. ಕುಂಡದ ಮೆಂತ್ಯ ಹೂ ಬಿಡಲು ತಯಾರು. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ನೀವಿಬ್ಬರೇ. ಇಷ್ಟೆಲ್ಲ ತರಕಾರಿ ಬಲಿತು ಹಾಳಾಗುವುದನ್ನು ನೋಡಿದರೆ ಜೀವ ಚುರ್ರೆನ್ನುತ್ತದೆ. ಊರಲ್ಲಾಗಿದ್ದರೆ ಮಹಡಿಯ ಮೇಲೆ ಹಳೇ ಪಂಚೆ ಹಾಸಿ, ಉಪ್ಪು ಸವರಿದ ಹೋಳು ಹರವಿ, ಕಾಗೆ ಓಡಿಸಲು ಮೊಮ್ಮಗನನ್ನು ಕೂರಿಸಿ, ನಾಲ್ಕು ದಿನದಲ್ಲಿ ವರ್ಷಕ್ಕಾಗುವಷ್ಟು ಬಾಳಕ ಡಬ್ಬಿಗೆ ತುಂಬಿಬಿಡುತ್ತಿದ್ದಿರಿ.

ಇಲ್ಲೂ ಮಾಡಬಹುದು, ಮಾಡಿ. ಕೈಗೆ ಕೆಲಸವಿರುವ ಹಿರಿಯರು ಪರದೇಶದಲ್ಲಿ ಲವಲವಿಕೆಯಿಂದ ಇರುತ್ತಾರೆ ಎನ್ನುವುದನ್ನು ನಾನು ಪ್ರತಿ ಶಿಬಿರದಲ್ಲೂ ಕಾಣುತ್ತೇನೆ. ಆದರೆ ಊರಿನ ಪದ್ಧತಿಯನ್ನು ಹಾಗೇ ಇಲ್ಲಿಗೆ ತಂದರೆ ಎರಡು ತೊಂದರೆ. ಒಂದು, ಬಾಳಕಕ್ಕೆ ಬೂಸ್ಟು ಬರುತ್ತದೆ. ಇನ್ನೊಂದು, ಅದರ ಉಪ್ಪು ನಿಮ್ಮ ರಕ್ತದೊತ್ತಡದ ಮಾತ್ರೆಯ ಕೆಲಸವನ್ನು ಕೆಡಿಸುತ್ತದೆ. ಈ ಎರಡಕ್ಕೂ ಒಂದಕ್ಕೊಂದು ಸಂಬಂಧವಿದೆ, ಅದನ್ನೇ ಮೊದಲು ಹೇಳುತ್ತೇನೆ.

ಇಲ್ಲಿನ ಬಿಸಿಲಿಗೆ ಯಾಕೆ ಒಣಗುವುದಿಲ್ಲ

ಜೂನ್ ತಿಂಗಳಲ್ಲಿ ಲಂಡನ್ನಿನಲ್ಲಿ ಹದಿನಾರು ಗಂಟೆಗೂ ಹೆಚ್ಚು ಬೆಳಕಿರುತ್ತದೆ. ರಾತ್ರಿ ಒಂಬತ್ತಾದರೂ ಸೂರ್ಯ ಮುಳುಗದಿದ್ದದ್ದನ್ನು ನೋಡಿ ನೀವು ಬೆರಗಾಗಿರುತ್ತೀರಿ. ಇಷ್ಟು ಬೆಳಕಿದ್ದರೂ ಹೋಳು ಒಣಗುವುದಿಲ್ಲ. ತರಕಾರಿ ಒಣಗಲು ಬೇಕಾದದ್ದು ಬೆಳಕಲ್ಲ. ಬಿಸಿ, ಒಣ ಹವೆ ಮತ್ತು ಗಾಳಿ. ಹಗಲಿನ ಶಾಖ 30 ಡಿಗ್ರಿಯಾದರೂ ಇರಬೇಕು, ಗಾಳಿಯ ತೇವ 60 ಶೇಕಡಕ್ಕಿಂತ ಕಡಿಮೆ ಇರಬೇಕು. ಶಿವರಾತ್ರಿ ಕಳೆದ ಮೇಲೆ ಬಳ್ಳಾರಿಯಲ್ಲೋ ಚಿತ್ರದುರ್ಗದಲ್ಲೋ ಇವೆರಡೂ ಕೇಳದೆಯೇ ಸಿಗುತ್ತವೆ. ಲಂಡನ್ನಿನ ಜುಲೈಯಲ್ಲಿ ಹಗಲಿನ ಶಾಖ ಸಾಮಾನ್ಯವಾಗಿ 23–24 ಡಿಗ್ರಿ ಅಷ್ಟೆ. 2022ರ ಜುಲೈ 19ರಂದು ಈ ದೇಶದಲ್ಲಿ 40 ಡಿಗ್ರಿ ದಾಟಿತ್ತು ನಿಜ, ಆದರೆ ಅಂಥ ದಿನವನ್ನು ನಂಬಿ ಸಂಡಿಗೆ ಇಡಲಾಗುವುದಿಲ್ಲ. ರಾತ್ರಿ ಇಬ್ಬನಿ ಬಿದ್ದರೆ ಹಗಲು ಹೋದ ನೀರೆಲ್ಲ ವಾಪಸ್ಸು.

ನನ್ನ ತಾಯಿ ಮೊದಲ ಸಲ ಬಂದಾಗ ಗಾಜಿನ ಕೋಣೆಯಲ್ಲಿ ಎರಡು ಕಿಲೋ ಮೆಣಸಿನಕಾಯಿ ಹರವಿದ್ದರು. ಐದನೇ ದಿನಕ್ಕೆ ತೊಟ್ಟಿನ ಹತ್ತಿರ ಬೂದು ಬಣ್ಣದ ನವಿರು ಕೂದಲು. ಒಣಬಟ್ಟೆಯಲ್ಲಿ ಒರೆಸಿ ಮತ್ತೆ ಇಡುತ್ತೇನೆ ಅಂದರು. ನಾನು ಬಿಡಲಿಲ್ಲ, ಎರಡು ದಿನ ಮಾತು ಬಿಟ್ಟರು. ಬೂಸ್ಟು ಹೊರಗೆ ಕಂಡಿತು ಎಂದರೆ ಅದರ ಬೇರು ಕಾಯಿಯ ಒಳಗೆ ಇಳಿದಿದೆ ಎಂದರ್ಥ. ಕೆಲವು ಬೂಸ್ಟುಗಳು ಅಫ್ಲಟಾಕ್ಸಿನ್ ಎಂಬ ವಿಷ ಬಿಡುತ್ತವೆ, ಅದು ಯಕೃತ್ತಿಗೆ ಕೆಟ್ಟದ್ದು, ಎಣ್ಣೆಯಲ್ಲಿ ಕರಿದರೂ ಪೂರ್ತಿ ಹೋಗುವುದಿಲ್ಲ. ಒಂದು ಕಾಯಿಗೆ ಬಂದಿದ್ದರೂ ಇಡೀ ಡಬ್ಬಿ ಎಸೆಯಬೇಕು. ಆರಿಸಿ ಇಟ್ಟುಕೊಳ್ಳುವ ಪದಾರ್ಥವಲ್ಲ ಅದು.

ಉಪ್ಪಿನ ಕೆಲಸ ಏನಿತ್ತು

ಊರಲ್ಲಿ ಬಾಳಕಕ್ಕೆ ಅಷ್ಟು ಉಪ್ಪು ಹಾಕುತ್ತಿದ್ದದ್ದು ರುಚಿಗಷ್ಟೇ ಅಲ್ಲ. ಹೋಳು ಒಣಗಲು ಮೂರರಿಂದ ಐದು ದಿನ ಬೇಕು. ಆ ಐದು ದಿನ ಅರೆಹಸಿಯಾದ ತರಕಾರಿ ಕೊಳೆಯದೆ ಇರಬೇಕಲ್ಲ? ಉಪ್ಪು ಒಳಗಿನ ನೀರನ್ನು ಹೊರಗೆಳೆಯುತ್ತದೆ, ಸೂಕ್ಷ್ಮಜೀವಿಗಳು ಬೆಳೆಯದ ಹಾಗೆ ತಡೆಯುತ್ತದೆ. ಅದು ಕಾವಲುಗಾರನ ಕೆಲಸ. ಬಿಸಿಲೇ ಇಲ್ಲದ ಇಂಗ್ಲೆಂಡಿನವರೂ ಇದನ್ನು ತಿಳಿದಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿಯ ಮನೆಮನೆಯಲ್ಲಿ ಬೀನ್ಸನ್ನು ಜಾಡಿಯಲ್ಲಿ ಪದರ ಪದರವಾಗಿ ಉಪ್ಪು ಹಾಕಿ ಚಳಿಗಾಲಕ್ಕೆ ಇಡುತ್ತಿದ್ದರು, ಮೂರು ಪೌಂಡ್ ಬೀನ್ಸಿಗೆ ಒಂದು ಪೌಂಡ್ ಉಪ್ಪಿನ ಲೆಕ್ಕದಲ್ಲಿ. ನಮ್ಮಲ್ಲಿ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವವರಿಗೆ ಇದೇನೂ ಹೊಸದಲ್ಲ. ಅವರು ಅಡುಗೆಗೆ ಮುಂಚೆ ಅದನ್ನು ತೊಳೆದು ನೆನೆಸಿ ಉಪ್ಪು ತೆಗೆಯುತ್ತಿದ್ದರು. ನಾವು ಮಜ್ಜಿಗೆ ಮೆಣಸಿನಕಾಯಿಯನ್ನು ತೊಳೆಯುವುದಿಲ್ಲ, ನೇರ ಎಣ್ಣೆಗೆ ಬಿಡುತ್ತೇವೆ.

ಈಗ ಒಂದು ಲೆಕ್ಕ ಹಾಕೋಣ. ಒಂದು ಕಿಲೋ ದಪ್ಪ ಮೆಣಸಿನಕಾಯಿಯಲ್ಲಿ ಸುಮಾರು ನೂರು ಕಾಯಿ ಎಂದುಕೊಳ್ಳಿ. ಮಜ್ಜಿಗೆಗೆ ನೂರು ಗ್ರಾಂ ಉಪ್ಪು ಹಾಕಿ, ಹಗಲು ಒಣಗಿಸಿ, ರಾತ್ರಿ ಮತ್ತೆ ಅದೇ ಮಜ್ಜಿಗೆಯಲ್ಲಿ ನೆನೆಸಿ, ಮಜ್ಜಿಗೆ ಇಂಗುವವರೆಗೂ ಹೀಗೇ ಮಾಡಿದರೆ ಒಂದೊಂದು ಕಾಯಿಗೂ ಹತ್ತಿರ ಹತ್ತಿರ ಒಂದು ಗ್ರಾಂ ಉಪ್ಪು ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಈ ದೇಶದ ಮಿತಿ 6 ಗ್ರಾಂ. ಮೊಸರನ್ನಕ್ಕೆ ಮೂರು ಮೆಣಸಿನಕಾಯಿ ನಂಚಿಕೊಂಡರೆ ಅರ್ಧ ದಿನದ ಉಪ್ಪು ಅಲ್ಲೇ ಮುಗಿಯಿತು. ಹುಳಿ, ಪಲ್ಯ, ಉಪ್ಪಿನಕಾಯಿ, ಹಪ್ಪಳದ ಲೆಕ್ಕ ಬೇರೆ.

ಒಂದು ಶಿಬಿರಕ್ಕೆ ಎಪ್ಪತ್ತರ ಆಸುಪಾಸಿನ ಒಬ್ಬ ತಾಯಿ ಬಂದಿದ್ದರು. ಊರಲ್ಲಿ ಹತೋಟಿಯಲ್ಲಿದ್ದ ಬಿ.ಪಿ. ಇಲ್ಲಿ ಬಂದು ಎರಡು ತಿಂಗಳಿಗೆ ಏರಿತ್ತು, ಪಾದ ಊದಿತ್ತು. ಮಾತ್ರೆ ತಪ್ಪಿಸಿರಲಿಲ್ಲ. "ಉಪ್ಪು ಬಹಳ ಕಮ್ಮಿ ತಿಂತೀನಿ ಡಾಕ್ಟ್ರೇ, ಸಾರಿಗೂ ಚಿಟಿಕೆ ಅಷ್ಟೇ" ಅಂದರು. ಸುಳ್ಳೇನೂ ಹೇಳಲಿಲ್ಲ. ಇಲ್ಲಿಯ ಊಟ ಸಪ್ಪೆ ಎಂದು ರಾತ್ರಿ ದಿನಾ ಮೊಸರನ್ನದ ಜೊತೆ ಊರಿಂದ ತಂದ ಗೋರಿಕಾಯಿ ಬಾಳಕ, ನಾಲ್ಕು ಮೆಣಸಿನಕಾಯಿ. ಅದು ಅವರ ಲೆಕ್ಕಕ್ಕೆ ಉಪ್ಪಲ್ಲ, ತರಕಾರಿ. ಬಾಳಕ ನಿಲ್ಲಿಸಿದ ಮೇಲೆ ಕೆಲವು ವಾರದಲ್ಲಿ ಬಿ.ಪಿ. ಇಳಿಯಿತು, ಹೊಸ ಮಾತ್ರೆ ಬೇಕಾಗಲಿಲ್ಲ. ಈ ಲೇಖನ ಬರೆಯಲು ಕಾರಣ ಅವರೇ.

ಈಸ್ಟ್ ಹ್ಯಾಮ್, ಟೂಟಿಂಗ್ ಅಂಗಡಿಗಳಲ್ಲಿ ಸಿಗುವ ಪ್ಯಾಕೆಟ್ ಬಾಳಕ ತಂದರೆ ಹಿಂಬದಿಯ ಸಣ್ಣಕ್ಷರವನ್ನು ಮೊಮ್ಮಕ್ಕಳ ಕೈಲಿ ಓದಿಸಿ. ನೂರು ಗ್ರಾಂಗೆ ಉಪ್ಪು 1.5 ಗ್ರಾಂಗಿಂತ ಹೆಚ್ಚಿದ್ದರೆ ಇಲ್ಲಿಯ ಲೆಕ್ಕದಲ್ಲಿ ಅದು ಕೆಂಪು ದೀಪ. ಭಾರತದ ಪ್ಯಾಕೆಟ್ಟಿನಲ್ಲಿ ಉಪ್ಪಿನ ಬದಲು ಸೋಡಿಯಂ ಎಂದು ಮಿಲಿಗ್ರಾಂನಲ್ಲಿ ಬರೆದಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. 2000 ಮಿಲಿಗ್ರಾಂ ಸೋಡಿಯಂ ಎಂದರೆ 5 ಗ್ರಾಂ ಉಪ್ಪು.

ಉಪ್ಪಿಲ್ಲದೆ ಒಣಗಿಸುವುದು

ಐದು ದಿನದ ಕೆಲಸ ಎಂಟು ಗಂಟೆಯಲ್ಲಿ ಮುಗಿದರೆ ಕಾವಲುಗಾರ ಬೇಕಾಗಿಲ್ಲ. ವಿದ್ಯುತ್ತಿನ ಒಣಗಿಸುವ ಪೆಟ್ಟಿಗೆ, ಇಲ್ಲಿಯವರು ಡಿಹೈಡ್ರೇಟರ್ ಎನ್ನುತ್ತಾರೆ, ಮಾಡುವುದು ಇದನ್ನೇ. ಒಳಗೆ ಜಾಲರಿ ತಟ್ಟೆಗಳು, ಕೆಳಗೋ ಹಿಂದೋ ಒಂದು ಫ್ಯಾನು, ಬೇಕಾದ ಶಾಖಕ್ಕೆ ತಿರುಗಿಸುವ ಗುಂಡಿ. ಒಂದು ಸಲಕ್ಕೆ ಎರಡರಿಂದ ನಾಲ್ಕು ಯೂನಿಟ್ ಕರೆಂಟು ಹಿಡಿಯುತ್ತದೆ. ಮಗನಿಗೆ ಹೊಸದು ಕೊಳ್ಳಲು ಹೇಳುವ ಮೊದಲು ಪರಿಚಯದವರ ಮನೆಯಲ್ಲಿ ಕೇಳಿ. ಕೊಂಡು ಅಟ್ಟದ ಮೇಲೆ ಹಾಕಿದವರು ಬೇಕಾದಷ್ಟು ಜನ ಇರುತ್ತಾರೆ. ಫ್ಯಾನಿರುವ ಕರೆಂಟ್ ಅವನ್ ಕೂಡ ಆಗುತ್ತದೆ, ಅತಿ ಕಡಿಮೆ ಶಾಖಕ್ಕೆ ಇಟ್ಟು ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಸಂದು ಬಿಡಬೇಕು. ಕರೆಂಟು ಮಾತ್ರ ಹೆಚ್ಚು. ಗ್ಯಾಸ್ ಅವನ್ನನ್ನು ಹೀಗೆ ಬಾಗಿಲು ತೆರೆದು ಗಂಟೆಗಟ್ಟಲೆ ಉರಿಸಬೇಡಿ, ಮುಚ್ಚಿದ ಅಡುಗೆಮನೆಯಲ್ಲಿ ವಿಷಾನಿಲದ ಅಪಾಯವಿದೆ.

ಕಿಟಕಿ ತೆರೆದಿರಲಿ. ಒಂದು ಕಿಲೋ ಬೀನ್ಸ್ ಒಣಗಿ ನೂರು ಗ್ರಾಂ ಆಗುತ್ತದೆ. ಉಳಿದ ಒಂಬೈನೂರು ಗ್ರಾಂ ನೀರು ಎಲ್ಲಿಗೆ ಹೋಯಿತು? ನಿಮ್ಮ ಅಡುಗೆಮನೆಯ ಗೋಡೆಗೆ. ಆಮೇಲೆ ಮೂಲೆಯಲ್ಲಿ ಕಪ್ಪು ಬೂಸ್ಟು, ಮೊಮ್ಮಗುವಿಗೆ ಕೆಮ್ಮು.

ಬೀನ್ಸನ್ನು ಎಳೆಯದಿರುವಾಗಲೇ ಕೊಯ್ದು, ನಾರು ತೆಗೆದು, ಅರ್ಧ ಬೆರಳುದ್ದ ಹೋಳು ಮಾಡಿ. ಇಡ್ಲಿ ಪಾತ್ರೆಯಲ್ಲಿ ಎರಡು ಮೂರು ನಿಮಿಷ ಹಬೆಗೆ ಇಡಿ, ತಕ್ಷಣ ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ಒರೆಸಿಕೊಳ್ಳಿ. ಈ ಹಬೆ ಬಿಡಬೇಡಿ: ಕಾಯಿಯೊಳಗಿನ ಕಿಣ್ವಗಳು ಸುಮ್ಮನಾಗದಿದ್ದರೆ ಡಬ್ಬಿಯೊಳಗೆ ತಿಂಗಳು ಕಳೆಯುವಷ್ಟರಲ್ಲಿ ಬಣ್ಣ ಕಂದಿ ಹುಲ್ಲಿನ ವಾಸನೆ ಬರುತ್ತದೆ. ಆಮೇಲೆ 60 ಡಿಗ್ರಿಯಲ್ಲಿ ಎಂಟು ಹತ್ತು ಗಂಟೆ. ಕೋರ್ಜೆಟ್ಟಿಗೂ ಇದೇ ಶಾಖ, ಬಳೆಯ ದಪ್ಪಕ್ಕೆ ಕೊಯ್ದರೆ ಸಾಕು. ಟೊಮೇಟೊಗೆ ಹಬೆ ಬೇಡ, ಸಮಯ ಹೆಚ್ಚು. ಮೆಂತ್ಯ, ಪುದೀನ, ಕೊತ್ತಂಬರಿಗೆ 40 ಡಿಗ್ರಿ ಸಾಕು, ಹೆಚ್ಚಾದರೆ ಪರಿಮಳವೆಲ್ಲ ಅಡುಗೆಮನೆಯಲ್ಲೇ ಹಾರಿಹೋಗುತ್ತದೆ.

ಒಣಗಿದೆಯೋ ಇಲ್ಲವೋ ಎಂದು ಬಿಸಿಯಿರುವಾಗ ಗೊತ್ತಾಗುವುದಿಲ್ಲ. ಆರಿದ ಮೇಲೆ ಮುರಿದು ನೋಡಿ. ಬೀನ್ಸ್ ಟಕ್ಕೆಂದು ಮುರಿಯಬೇಕು, ಸೊಪ್ಪು ಅಂಗೈಯಲ್ಲಿ ಪುಡಿಯಾಗಬೇಕು. ಬಾಗಿದರೆ ಇನ್ನೂ ನೀರಿದೆ. ನಂತರ ಗಾಜಿನ ಬಾಟಲಿಗೆ ಮುಕ್ಕಾಲು ತುಂಬಿ, ಒಂದು ವಾರ ದಿನಕ್ಕೊಮ್ಮೆ ಅಲ್ಲಾಡಿಸಿ. ಗಾಜಿನ ಒಳಗೆ ಹನಿ ಕಂಡರೆ ಮತ್ತೆ ಪೆಟ್ಟಿಗೆಗೆ. ಒಲೆಯ ಮೇಲಿನ ಕಪಾಟು ಕೈಗೆ ಹತ್ತಿರ ಎಂದು ಅಲ್ಲಿಡುತ್ತೇವೆ. ಹಬೆಯೆಲ್ಲ ಹೋಗುವುದು ಅಲ್ಲಿಗೇ. ತಣ್ಣನೆಯ ಕತ್ತಲೆ ಜಾಗದಲ್ಲಿಟ್ಟರೆ ಮುಂದಿನ ಬೇಸಿಗೆಯವರೆಗೆ ಬರುತ್ತದೆ. ಅರೆ ಒಣಗಿದ ಟೊಮೇಟೊವನ್ನೋ ಬೆಳ್ಳುಳ್ಳಿಯನ್ನೋ ಎಣ್ಣೆಯಲ್ಲಿ ಮುಳುಗಿಸಿ ಕಪಾಟಿನಲ್ಲಿಡುವುದು ಮಾತ್ರ ಬೇಡ. ಗಾಳಿಯಿಲ್ಲದ, ಹುಳಿಯಿಲ್ಲದ ತೇವದಲ್ಲಿ ಬೆಳೆಯುವ ಬಾಟ್ಯುಲಿಸಂ ಎಂಬ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ.

ಮಜ್ಜಿಗೆ ಮೆಣಸಿನಕಾಯಿ ಬೇಕೇ ಬೇಕು ಎನ್ನುವವರಿಗೆ: ಕಾಯಿ ಸೀಳಿ, ಚೆನ್ನಾಗಿ ಹುಳಿ ಬಂದ ಮಜ್ಜಿಗೆಗೆ ಮೆಂತ್ಯದ ಪುಡಿ, ಇಂಗು ಹಾಕಿ, ಕಿಲೋಗೆ ಒಂದೇ ಟೀ ಚಮಚ ಉಪ್ಪು ಹಾಕಿ, ಒಂದು ರಾತ್ರಿ ಫ್ರಿಜ್ಜಿನಲ್ಲಿ ನೆನೆಸಿ. ಹೊರಗೆ ಇಡಬೇಡಿ, ಕಾಯಲು ಈಗ ಉಪ್ಪಿಲ್ಲ. ಬೆಳಿಗ್ಗೆ ಬಸಿದು 60 ಡಿಗ್ರಿಯಲ್ಲಿ ಒಂದೇ ಸಲಕ್ಕೆ ಗರಿಗರಿಯಾಗಿ ಒಣಗಿಸಿ, ಡಬ್ಬಿಯನ್ನು ಫ್ರೀಜರಿನಲ್ಲಿಡಿ. ಒಂದು ಕಾಯಿಗೆ ಒಂದು ಗ್ರಾಂ ಇದ್ದ ಉಪ್ಪು ಅದರ ಇಪ್ಪತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಮ್ಮ ಮಾಡಿದ ರುಚಿಯಷ್ಟು ಬರುತ್ತದೆ ಎಂದು ನಾನು ಹೇಳುವುದಿಲ್ಲ. ಹುಳಿ ಜಾಸ್ತಿ ಇದ್ದರೆ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ, ಅಷ್ಟೇ. ಕರಿಯುವ ಬದಲು ಒಂದು ಚಮಚ ಎಣ್ಣೆಯಲ್ಲಿ ಬಾಣಲೆಯಲ್ಲಿ ಹುರಿದರೂ ನಡೆಯುತ್ತದೆ.

ಒಂದು ಮಾತು ವೈದ್ಯನಾಗಿ ಹೇಳಿಬಿಡುತ್ತೇನೆ: ಫ್ರೀಜರಿನಲ್ಲಿ ಜಾಗವಿದ್ದರೆ ಬೀನ್ಸನ್ನು ಹಬೆಗಿಟ್ಟು ಫ್ರೀಜ್ ಮಾಡುವುದೇ ಮೇಲು, ಸಿ ಜೀವಸತ್ವ ಹೆಚ್ಚು ಉಳಿಯುತ್ತದೆ. ಒಣಗಿಸಿದರೆ ಅದು ಬಹುಪಾಲು ಹೋಗುತ್ತದೆ, ನಾರು ಮತ್ತು ಖನಿಜ ಉಳಿಯುತ್ತವೆ. ಮೆಂತ್ಯ, ಮೆಣಸಿನಕಾಯಿ, ಟೊಮೇಟೊ ಹಾಗಲ್ಲ, ಒಣಗಿದಷ್ಟೂ ರುಚಿ ಹೆಚ್ಚು. ಪೆಟ್ಟಿಗೆಯನ್ನು ಇವಕ್ಕೆ ಮೀಸಲಿಡಿ.

ಮಾತ್ರೆ ನುಂಗುವವರು ಗಮನಿಸಿ

ಒಣಗಿದ ಸೊಪ್ಪು ನೋಡಲು ಸ್ವಲ್ಪ, ಒಳಗೆ ಬಹಳ. ಒಂದು ಹಿಡಿ ಒಣ ಮೆಂತ್ಯ ಎಂದರೆ ಹಸಿಯಾಗಿದ್ದಾಗ ಕಟ್ಟುಗಟ್ಟಲೆ ಸೊಪ್ಪು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್, ಅಥವಾ ಊರಲ್ಲಿ ಹೆಚ್ಚಾಗಿ ಕೊಡುವ ಅಸಿಟ್ರೋಮ್ ತೆಗೆದುಕೊಳ್ಳುವವರಿದ್ದರೆ ಕೇಳಿ. ಹಸಿರು ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಮಾತ್ರೆಗೆ ವಿರುದ್ಧ ಕೆಲಸ ಮಾಡುತ್ತದೆ. ಸೊಪ್ಪು ಬಿಡಿ ಎನ್ನುತ್ತಿಲ್ಲ. ಊರಲ್ಲಿ ವಾರಕ್ಕೆ ಎಷ್ಟು ತಿನ್ನುತ್ತಿದ್ದಿರೋ ಇಲ್ಲೂ ಅಷ್ಟೇ ತಿನ್ನಿ. ಹಿತ್ತಲಲ್ಲಿ ಬೆಳೆದಿದೆ ಎಂದು ಒಮ್ಮೆಗೇ ಹೆಚ್ಚಿಸುವುದು, ಮುಗಿಯಿತು ಎಂದು ಒಮ್ಮೆಗೇ ನಿಲ್ಲಿಸುವುದು, ಎರಡೂ ಅಪಾಯ. ಐ.ಎನ್.ಆರ್. ಪರೀಕ್ಷೆ ಯಾವಾಗ ಮಾಡಿಸಿದ್ದಿರಿ ಎಂದು ನೆನಪಿಲ್ಲದಿದ್ದರೆ ಇವತ್ತೇ ನಮ್ಮ ಹತ್ತಿರ ಮಾತಾಡಿ. ಎಪಿಕ್ಸಬಾನ್‌ನಂಥ ಹೊಸ ಮಾತ್ರೆಯವರಿಗೆ ಸೊಪ್ಪಿನ ಈ ಚಿಂತೆ ಇಲ್ಲ.

ಎರಡನೆಯದು ಪೊಟ್ಯಾಸಿಯಂ. "ಉಪ್ಪು ಕಮ್ಮಿ ಮಾಡಿ ಅಂದಿದ್ರಿ, ಅದಕ್ಕೇ ಕಡಿಮೆ ಸೋಡಿಯಂ ಉಪ್ಪು ತಂದ್ವಿ" ಎನ್ನುತ್ತಾರೆ ಮಕ್ಕಳು. ಆ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಇರುವುದು ಪೊಟ್ಯಾಸಿಯಂ ಕ್ಲೋರೈಡ್. ಮೂತ್ರಪಿಂಡ ದುರ್ಬಲವಾಗಿರುವವರು, ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯವರು ಅದನ್ನು ವೈದ್ಯರನ್ನು ಕೇಳದೆ ಬಳಸಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ತಪ್ಪುತ್ತದೆ, ಅದಕ್ಕೆ ಮುನ್ಸೂಚನೆ ಇಲ್ಲದೆಯೂ ಇರಬಹುದು. ಒಣ ಟೊಮೇಟೊದಲ್ಲೂ ಪೊಟ್ಯಾಸಿಯಂ ದಟ್ಟವಾಗಿರುತ್ತದೆ. ಮೂತ್ರಪಿಂಡದ ಪಥ್ಯದಲ್ಲಿರುವವರು ಒಣ ತರಕಾರಿಯನ್ನು ಬಿಸಿನೀರಲ್ಲಿ ನೆನೆಸಿ ಆ ನೀರನ್ನು ಚೆಲ್ಲಿ. ಉಳಿದವರು ಆ ನೀರನ್ನೇ ಹುಳಿಗೆ ಹಾಕಿಕೊಳ್ಳಬಹುದು.

ಹಲ್ಲು ಕಟ್ಟಿಸಿಕೊಂಡವರು, ಕರುಳಿನ ಶಸ್ತ್ರಚಿಕಿತ್ಸೆ ಆದವರು ಒಣ ಹೋಳನ್ನು ಹಾಗೇ ಅಗಿಯಬಾರದು. ಅದು ಹೊಟ್ಟೆಯಲ್ಲಿ ನೀರು ಹೀರಿ ಉಬ್ಬುತ್ತದೆ. ಅರ್ಧ ಗಂಟೆ ನೆನೆಸಿ, ಮೆತ್ತಗೆ ಬೇಯಿಸಿ.

ಹಿತ್ತಲಲ್ಲಿ ಮೂರು ಎಚ್ಚರಿಕೆ

ಕೆಂಪು ಹೂ ಬಿಡುವ ರನ್ನರ್ ಬೀನ್ಸ್ ಬಲಿತರೆ ಒಳಗೆ ನೇರಳೆ ಕಪ್ಪು ಚುಕ್ಕೆಯ ಚಂದದ ಕಾಳು ಸಿಗುತ್ತದೆ. ಅವರೆಯ ಹಾಗೆ ಒಣಗಿಸಿಡಲು ಮನಸ್ಸಾಗುತ್ತದೆ, ಒಣಗಿಸಿ. ಆದರೆ ರಾಜ್ಮಾದಂತೆಯೇ ಅದರಲ್ಲೂ ಲೆಕ್ಟಿನ್ ಎಂಬ ವಿಷಾಂಶವಿದೆ. ರಾತ್ರಿಯಿಡೀ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಬೇಕು. ಇಲ್ಲಿಯ ಮನೆಗಳಲ್ಲಿರುವ ನಿಧಾನವಾಗಿ ಬೇಯಿಸುವ ಸ್ಲೋ ಕುಕರಿಗೆ ನೇರ ಹಾಕಬೇಡಿ, ಆ ಶಾಖ ಸಾಲದು. ಕೆಲವೇ ಗಂಟೆಯಲ್ಲಿ ವಾಂತಿ ಭೇದಿ ಶುರುವಾಗುತ್ತದೆ. ನಮ್ಮ ಪ್ರೆಷರ್ ಕುಕರ್ ಆಗಬಹುದು.

ಕೋರ್ಜೆಟ್ ಅಥವಾ ಸೋರೆಕಾಯಿ ಕೊಯ್ದಾಗ ಒಂದು ಚೂರು ನಾಲಿಗೆಗೆ ಮುಟ್ಟಿಸಿ. ವಿಷದಷ್ಟು ಕಹಿ ಇದ್ದರೆ ಉಗಿದು, ಬುಟ್ಟಿಗೆ ಹಾಕಿ. ಹಾಗಲಕಾಯಿಯ ಕಹಿ ಬೇರೆ, ಇದು ಬೇರೆ. ಕಹಿ ಸೋರೆಕಾಯಿ ರಸ ಕುಡಿದು ಭಾರತದಲ್ಲಿ ಸಾವುಗಳಾದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮಿತಿಯೇ ಈ ಎಚ್ಚರಿಕೆ ಕೊಟ್ಟಿದೆ. ಒಣಗಿಸಿದರೆ, ಬೇಯಿಸಿದರೆ ಈ ಕಹಿ ಹೋಗುವುದಿಲ್ಲ.

ಮೂರನೆಯದು, ನೆಟ್ಟವರಾರೋ ಗೊತ್ತಿಲ್ಲದ ಸೊಪ್ಪು. ಊರಿನ ಗಣಿಕೆ ಸೊಪ್ಪಿನ ಹಾಗೇ ಇದೆ ಎಂದು ಬೇಲಿ ಬದಿಯಲ್ಲಿ ಕೀಳಬೇಡಿ. ಈ ದೇಶದ ಹಿತ್ತಲುಗಳಲ್ಲಿ ಫಾಕ್ಸ್‌ಗ್ಲವ್ ಎಂಬ ಗಿಡ ತಾನೇ ಹುಟ್ಟುತ್ತದೆ, ಹೂ ಬಿಡುವ ಮುಂಚೆ ದೊಡ್ಡ ನವಿರೆಲೆಯ ಸೊಪ್ಪಿನಂತೆ ಕಾಣುತ್ತದೆ. ಬರ್ಮಿಂಗ್‌ಹ್ಯಾಮಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಪುಸ್ತಕ ಬರೆದದ್ದು ಇದೇ ಗಿಡದ ಬಗ್ಗೆ. ಇದರ ಎಲೆಯಿಂದ ಹೃದಯದ ಔಷಧಿ ಬಂತು, ಅಳತೆ ತಪ್ಪಿದರೆ ಅದೇ ಹೃದಯ ನಿಲ್ಲಿಸುತ್ತದೆ. ಮಗ ಸೊಸೆ ಬಿತ್ತಿದ್ದನ್ನು ಮಾತ್ರ ಕೊಯ್ಯಿರಿ.

ಯಾವಾಗ ಫೋನ್ ಮಾಡಬೇಕು

ಮೂರು ದಿನದಲ್ಲಿ ತೂಕ ಎರಡು ಕಿಲೋಗಿಂತ ಹೆಚ್ಚು ಏರಿದರೆ, ಪಾದ ಊದಿಕೊಂಡರೆ, ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರಬೇಕಾದರೆ ಅದು ಉಪ್ಪು ನೀರು ದೇಹದಲ್ಲಿ ನಿಂತ ಲಕ್ಷಣ. ಮಗ ಸಂಜೆ ಬರಲಿ ಎಂದು ಕಾಯಬೇಡಿ. 111ಕ್ಕೆ ಫೋನ್ ಮಾಡಿ; ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ದುಭಾಷಿ ಬೇಕೆಂದೂ ಕೇಳಬಹುದು. ಎದೆನೋವು, ಕೂತಲ್ಲೇ ಏದುಸಿರು, ಮಾತು ತೊದಲುವುದು ಇದ್ದರೆ 999. ಖರ್ಚಿನ ಭಯದಿಂದ ಸುಮ್ಮನಿರುವವರನ್ನು ನೋಡಿದ್ದೇನೆ. ಇಂಗ್ಲೆಂಡಿನಲ್ಲಿ ಜಿ.ಪಿ. ವೈದ್ಯರನ್ನು ಕಾಣುವುದಕ್ಕೂ, ತುರ್ತು ವಿಭಾಗದಲ್ಲಿ ನೋಡಿಸಿಕೊಳ್ಳುವುದಕ್ಕೂ ಪ್ರವಾಸಿಗರಿಂದ ಹಣ ತೆಗೆದುಕೊಳ್ಳುವುದಿಲ್ಲ. ಒಳರೋಗಿಯಾಗಿ ಸೇರಿಸಿಕೊಂಡರೆ ಬಿಲ್ಲು ಬರುತ್ತದೆ, ಅದಕ್ಕೇ ಪ್ರಯಾಣದ ವಿಮೆಯ ಕಾಗದ ಎಲ್ಲಿದೆ ಎಂದು ಇವತ್ತೇ ನೋಡಿಟ್ಟುಕೊಳ್ಳಿ.

ಈಗ ರಕ್ತದೊತ್ತಡದ ಮೇಜಿಗೆ ಬರುವಾಗ ಮಾತ್ರೆಯ ಪಟ್ಟಿಗಳನ್ನು ಕೈಯಲ್ಲಿ ಹಿಡಿದುಕೊಳ್ಳಿ. ಮನೆಯಲ್ಲಿ ಬಿಟ್ಟು ಬಂದಿದ್ದರೆ ಮಕ್ಕಳಿಗೆ ಹೇಳಿ ಫೋನಿನಲ್ಲಿ ಫೋಟೋ ತರಿಸಿಕೊಳ್ಳಿ. ನಿನ್ನೆ ಊಟಕ್ಕೆ ಏನು ನಂಚಿಕೊಂಡಿರಿ ಎಂದು ನಾನು ಕೇಳಿಯೇ ಕೇಳುತ್ತೇನೆ.